ರಸ್ತೆ ಅಂದ್ರ ಬರೀ ಕಿಲೋಮೀಟರ್ ಏನ್ರಿ?

2020ರ ಮಾರ್ಚ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಲಾಕ್‌ಡೌನ್. ಅದೇ ತಿಂಗಳು, ಹನ್ನೆರಡು ದಿನದೊಳಗೆ, ರಸ್ತೆ ಮತ್ತು ಪರಿಸರಕ್ಕೆ ಸಂಬಂಧಿಸಿದ ಮೂರು ಸಂಗತಿ ನಡೆದವು. ಆಗ ನಾವು ಬಾಲ್ಕನಿಯಲ್ಲಿ ತಾಟು ಬಡಿಯುವುದರಲ್ಲಿ, ಆಫೀಸಿನ ವಿಪಿಎನ್ ಸರಿ ಮಾಡಿಕೊಳ್ಳುವುದರಲ್ಲಿ ಮುಳುಗಿದ್ದೆವು. ಯಾರೂ ಗಮನಿಸಲಿಲ್ಲ.

ಮಾರ್ಚ್ 17: ಬೆಂಗಳೂರಿನ 65 ಕಿಲೋಮೀಟರಿನ ಪೆರಿಫೆರಲ್ ರಿಂಗ್ ರಸ್ತೆಗೆ ರಾಜ್ಯ ಮಟ್ಟದ ಪ್ರಾಧಿಕಾರ ಕೊಟ್ಟಿದ್ದ ಪರಿಸರ ಅನುಮತಿ ನಡೆಯುವುದಿಲ್ಲ, ಮತ್ತೆ ಅಧ್ಯಯನ ಮಾಡಿಸಿ ಬನ್ನಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಾರ್ಚ್ 23: ಕೇಂದ್ರ ಪರಿಸರ ಸಚಿವಾಲಯವು ಪರಿಸರ ಪರಿಣಾಮ ಮೌಲ್ಯಮಾಪನದ ಹೊಸ ಕರಡು, ಅಂದರೆ ಇಐಎ 2020, ಹೊರಡಿಸಿತು. ಮಾರ್ಚ್ 28: ರಸ್ತೆ, ಪೈಪ್‌ಲೈನ್‌ನಂಥ ಉದ್ದನೆಯ ಯೋಜನೆಗಳಿಗೆ ಮಣ್ಣು ತೋಡಿಕೊಳ್ಳಲು ಪರಿಸರ ಅನುಮತಿ ಬೇಕಿಲ್ಲ ಎಂಬ ಅಧಿಸೂಚನೆ ಬಂತು.

ಮೊದಲನೆಯದು ಹೇಳಿದ್ದು, ಸರಿಯಾಗಿ ಪರಿಶೀಲಿಸದೆ ರಸ್ತೆ ಮಾಡಬೇಡಿ ಅಂತ. ಎರಡನೆಯದು, ಪರಿಶೀಲನೆಯನ್ನೇ ಕಡಿಮೆ ಮಾಡೋಣ ಅಂತ. ಮೂರನೆಯದು ಯಾರನ್ನೂ ಕೇಳಲೇ ಇಲ್ಲ, ಮಾಡೇಬಿಟ್ಟಿತು.

ನಾನು ಸೇಡಂ ತಾಲ್ಲೂಕಿನ ಹಳ್ಳಿಯವನು. ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದು ಕೋಡ್ ಬರೆದು ಹೊಟ್ಟೆ ಹೊರೆಯುವವನು. ಕಾನೂನು ನನ್ನ ವಿಷಯವಲ್ಲ. ಆದರೆ ನಿಯಮಗಳ ಕಡತ ಓದುವುದು, ಇಂಥ ಇನ್‌ಪುಟ್ ಕೊಟ್ಟರೆ ಎಂಥ ಔಟ್‌ಪುಟ್ ಬರುತ್ತದೆ ಎಂದು ನೋಡುವುದು ದಿನನಿತ್ಯದ ಕೆಲಸ. ಹಾಗಾಗಿ ಆ ಕರಡಿನ ರಸ್ತೆಯ ಭಾಗವನ್ನು, ಅದಕ್ಕೂ ಹಿಂದಿನ 2006ರ ಮೂಲ ಅಧಿಸೂಚನೆಯನ್ನು ಎದುರುಬದರು ಇಟ್ಟುಕೊಂಡು ಓದಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಇವನ್ನು ಇನ್‌ಪುಟ್ ಆಗಿ ಕೊಟ್ಟು ನೋಡಿದೆ.

ಈಗ ಜಾರಿಯಲ್ಲಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಅದರ ಪ್ರಕಾರ ದೊಡ್ಡ ಯೋಜನೆಗಳು ದಿಲ್ಲಿಗೆ ಹೋಗುತ್ತವೆ, ಅದು 'ಎ' ವರ್ಗ. ಉಳಿದವು ರಾಜ್ಯದ ಪ್ರಾಧಿಕಾರಕ್ಕೆ ಬರುತ್ತವೆ, ಅದು 'ಬಿ'. 'ಬಿ'ಯಲ್ಲೇ ಎರಡು ಭಾಗ. ಬಿ-1 ಆದರೆ ಅಧ್ಯಯನ ವರದಿ ಬೇಕು. ಬಿ-2 ಆದರೆ ಅದೂ ಬೇಡ. ಹೊಸ ರಾಷ್ಟ್ರೀಯ ಹೆದ್ದಾರಿ 'ಎ', ಹೊಸ ರಾಜ್ಯ ಹೆದ್ದಾರಿ 'ಬಿ'. ಇಲ್ಲಿಯವರೆಗೆ ಸರಿ.

ಆದರೆ ನಮ್ಮ ಕಡೆ ಹೊಸ ರಾಜ್ಯ ಹೆದ್ದಾರಿ ಹುಟ್ಟುವುದು ಅಪರೂಪ ನೋಡ್ರಿ. ಇದ್ದದ್ದನ್ನೇ ಅಗಲ ಮಾಡುವುದು, ಎತ್ತರ ಮಾಡುವುದು, ಡಾಂಬರು ತೆಗೆದು ಸಿಸಿ ಹಾಕುವುದು. ಇದಕ್ಕೆ ಪರಿಶೀಲನೆ ಯಾವಾಗ ಬೇಕು? ರಸ್ತೆ ಸಮುದ್ರಮಟ್ಟದಿಂದ 1000 ಮೀಟರಿಗಿಂತ ಎತ್ತರದ ಗುಡ್ಡಗಾಡಿನಲ್ಲಿರಬೇಕು, ಇಲ್ಲವೇ ಪರಿಸರ ಸೂಕ್ಷ್ಮ ಪ್ರದೇಶದಲ್ಲಿರಬೇಕು. ಕಲಬುರಗಿ ಇರುವುದು 450 ಮೀಟರಿನ ಆಸುಪಾಸಿನಲ್ಲಿ. ನಮ್ಮೂರ ರಸ್ತೆಗೆ ಪರಿಶೀಲನೆ ಬೇಕಂದ್ರ ಕೊಡಗಿನಿಂದ ಒಂದು ಗುಡ್ಡ ಹೊತ್ತು ತಂದು ಸೇಡಂನಾಗ ಇಡಬೇಕು. ಇನ್ನು ಜಿಲ್ಲಾ ಮುಖ್ಯ ರಸ್ತೆ, ಹಳ್ಳಿ ರಸ್ತೆಗಳ ಹೆಸರೇ ಪಟ್ಟಿಯಲ್ಲಿಲ್ಲ. ಲಾರಿ ಓಡುವುದು ಮಾತ್ರ ಇವುಗಳ ಮೇಲೂ ಓಡುತ್ತದೆ.

ಚಿಂಚೋಳಿಗೆ ಹೋದರೆ ಇದೇ ಕಾನೂನು ಥಟ್ಟನೆ ಎಚ್ಚರಾಗುತ್ತದೆ. ಅಲ್ಲಿ 2011ರಲ್ಲಿ ಘೋಷಣೆಯಾದ ವನ್ಯಜೀವಿ ಧಾಮವಿದೆ, ಸುಮಾರು 134 ಚದರ ಕಿಲೋಮೀಟರ್. ಗೊಟ್ಟಂಗೊಟ್ಟ, ಚಂದ್ರಂಪಳ್ಳಿ, ಎತ್ತಿಪೋತ ಜಲಪಾತ ನೋಡಲು ವೀಕೆಂಡಿನಲ್ಲಿ ಬೈಕ್ ಹತ್ತಿ ಹೋಗುವವರಿಗೆ ಆ ಜಾಗ ಗೊತ್ತು. ಅಲ್ಲಿ ರಸ್ತೆ ಅಗಲ ಮಾಡಬೇಕಾದರೆ ಅರಣ್ಯ ಇಲಾಖೆ, ವನ್ಯಜೀವಿ ಮಂಡಳಿ ಎಲ್ಲ ಕಡೆ ಬಾಗಿಲು ತಟ್ಟಬೇಕು. ತಟ್ಟಲಿ, ತಪ್ಪಿಲ್ಲ. ಆದರೆ ಆ ಕಾಡಿನ ಅಂಚಿನ ತಾಂಡಾಗಳಲ್ಲಿ ಆಂಬುಲೆನ್ಸ್ ಬರುವಷ್ಟು ರಸ್ತೆ ಬೇಕು ಎನ್ನುವವರು ಕಾಗದಪತ್ರಕ್ಕಾಗಿ ಕಾಯಬೇಕು. ಅಲ್ಲಿಂದ ತಾಸಿನ ದಾರಿಯ ಸೇಡಂನಲ್ಲಿ ದಿನವಿಡೀ ಸಿಮೆಂಟ್ ಲಾರಿ ಓಡುವ ರಸ್ತೆಗೆ ಯಾವ ಪ್ರಶ್ನೆಯೂ ಇಲ್ಲ.

ಯಾಕೆ ಹೀಗೆ? ಕಾನೂನು ಬರೆದವರ ತಲೆಯಲ್ಲಿ ಪರಿಸರ ಅಂದರೆ ಕಾಡು, ಬೆಟ್ಟ, ಹುಲಿ. ಎರೆಹೊಲ ಪರಿಸರವಲ್ಲ. ತೊಗರಿ ಪರಿಸರವಲ್ಲ. ಊರ ಮುಂದಿನ ಹಳ್ಳ ಪರಿಸರವಲ್ಲ. ಕಾಡಿನಲ್ಲಿ ಒಂದು ಮರಕ್ಕೂ ಲೆಕ್ಕ ಇದೆ, ಇರಲೇಬೇಕು. ಹೊಲದಲ್ಲಿ ಮನುಷ್ಯನ ಬೆಳೆಗೆ ಲೆಕ್ಕವಿಲ್ಲ.

ಈಗ 2020ರ ಕರಡಿಗೆ ಬರೋಣ. ಇದು ಈ ಕೊರತೆ ತುಂಬಬಹುದಿತ್ತು. ಮಾಡಿದ್ದು ಉಲ್ಟಾ. 25ರಿಂದ 100 ಕಿಲೋಮೀಟರ್ ವರೆಗಿನ ಹೆದ್ದಾರಿ ವಿಸ್ತರಣೆಗಳನ್ನು ಬಿ-2ಗೆ ತಳ್ಳಿತು. ಅಂದರೆ ಅಧ್ಯಯನ ವರದಿಯೂ ಬೇಡ, ಸಾರ್ವಜನಿಕ ಆಲಿಕೆ ಸಭೆಯೂ ಬೇಡ. ಸಭೆ ನಡೆಯುವ ಯೋಜನೆಗಳಲ್ಲೂ ಜನರಿಗೆ ಕೊಡುವ ನೋಟಿಸಿನ ಅವಧಿ 30 ದಿನದಿಂದ 20ಕ್ಕೆ ಇಳಿಯಿತು. ಅನುಮತಿ ಇಲ್ಲದೆ ಕೆಲಸ ಶುರು ಮಾಡಿದವರು ಆಮೇಲೆ ದಂಡ ಕಟ್ಟಿ ಅನುಮತಿ ಪಡೆಯಲು ದಾರಿ ಆಯಿತು. ಉಲ್ಲಂಘನೆಯನ್ನು ಯಾರು ತಿಳಿಸಬಹುದು? ಯೋಜನೆ ಮಾಡುವವರೇ, ಸರ್ಕಾರಿ ಸಂಸ್ಥೆಗಳು, ಪರಿಶೀಲನಾ ಸಮಿತಿ, ನಿಯಂತ್ರಣ ಪ್ರಾಧಿಕಾರ. ಆ ಪಟ್ಟಿಯಲ್ಲಿ ಊರಿನವರಿಲ್ಲ. ಬಳಸುವವನು ಬಗ್ ರಿಪೋರ್ಟ್ ಮಾಡುವ ಹಾಗಿಲ್ಲ, ಕೋಡ್ ಬರೆದವನೇ ತನ್ನ ಬಗ್ ತಾನೇ ಹೇಳಿಕೊಳ್ಳಬೇಕು ಅಂದಂತೆ. ನಮ್ಮ ಆಫೀಸಿನಲ್ಲಿ ಇಂಥ ನಿಯಮ ತಂದರೆ ನಾನಂತೂ ಬಹಳ ಸುಖವಾಗಿರುತ್ತೇನೆ. ಬಳಸುವವರ ಗತಿ ದೇವರೇ ಬಲ್ಲ.

ಈ ಕಿಲೋಮೀಟರ್ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಕೆಲವರು ಒಂದು ಉಪಾಯ ಮಾಡುತ್ತಾರೆ. ದೊಡ್ಡ ಬದಲಾವಣೆ ಮಾಡಿದರೆ ಸೀನಿಯರ್ ಪರಿಶೀಲನೆಗೆ ಹೋಗಬೇಕು. ಅದನ್ನೇ ಹತ್ತು ಸಣ್ಣ ತುಂಡು ಮಾಡಿ ಕಳಿಸಿದರೆ ಒಂದೊಂದೂ ಸಲೀಸಾಗಿ ಪಾಸ್. ಒಂದೊಂದು ತುಂಡೂ ನೆಟ್ಟಗೇ ಇರುತ್ತದೆ, ಎಲ್ಲ ಸೇರಿದಾಗ ಸಿಸ್ಟಂ ಬೀಳುತ್ತದೆ. ರಸ್ತೆಯಲ್ಲೂ ಇದೇ ಆಗಿದೆ. 2013ರ ತಿದ್ದುಪಡಿಯ ನಂತರ 100 ಕಿಲೋಮೀಟರಿಗಿಂತ ಉದ್ದದ, ನಿಗದಿತ ಅಗಲಕ್ಕಿಂತ ಹೆಚ್ಚು ಜಾಗ ಬೇಡುವ ರಾಷ್ಟ್ರೀಯ ಹೆದ್ದಾರಿ ವಿಸ್ತರಣೆಗೆ ಮಾತ್ರ ಪರಿಸರ ಅನುಮತಿ. ಉತ್ತರಾಖಂಡದ ಚಾರ್‌ಧಾಮ್ ರಸ್ತೆ ಒಟ್ಟು ಸುಮಾರು 900 ಕಿಲೋಮೀಟರ್. ಅದನ್ನು 53 ಕಾಮಗಾರಿಗಳಾಗಿ ತುಂಡರಿಸಲಾಯಿತು, ಒಂದೊಂದೂ 100ರ ಒಳಗೆ. ಇಡೀ ರಸ್ತೆಗೆ ಒಂದು ಪರಿಣಾಮ ಮೌಲ್ಯಮಾಪನ ನಡೆಯಲೇ ಇಲ್ಲ. ಅಮೆರಿಕದ ಹೆದ್ದಾರಿ ನಿಯಮಗಳಲ್ಲಿ ಇಂಥ ತುಂಡರಿಸುವಿಕೆಗೆ ತಡೆ ಇದೆ. ಒಂದು ತುಂಡನ್ನು ಬೇರೆಯಾಗಿ ಪರಿಶೀಲಿಸಬೇಕಾದರೆ ಅದಕ್ಕೆ ಸಹಜವಾದ ಆರಂಭ-ಅಂತ್ಯ ಇರಬೇಕು, ಉಳಿದದ್ದು ಆಗದಿದ್ದರೂ ಅದೊಂದೇ ಉಪಯೋಗಕ್ಕೆ ಬರಬೇಕು. ನಮ್ಮ ಕರಡು ಈ ಒಂದು ಸಾಲನ್ನು ಸೇರಿಸಿದ್ದರೂ ನಾನು ಮೆಚ್ಚಿಕೊಳ್ಳುತ್ತಿದ್ದೆ.

ನಮ್ಮ ಭಾಗದಲ್ಲಿ ತುಂಡಾಗಿರುವುದು ಉದ್ದ ಒಂದೇ ಅಲ್ಲ. ಭೀಮಾ ಮತ್ತು ಕಾಗಿಣಾ ಸುತ್ತಿನ ನೆಲದ ಕೆಳಗೆ ಸುಣ್ಣದ ಕಲ್ಲಿನ ಹಾಸು ಇದೆ. ಅದರಿಂದಲೇ ಶಹಾಬಾದ್ ಫರಸಿ ದೇಶಕ್ಕೆಲ್ಲ ಹೋಗಿದ್ದು. ಅದರಿಂದಲೇ ಶಹಾಬಾದ್, ವಾಡಿ, ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆ ಬಂದಿದ್ದು. ಕಲ್ಲು ತೆಗೆಯುವ ಗಣಿಗೆ ಒಂದು ಕಡತ. ಕಾರ್ಖಾನೆಗೆ ಇನ್ನೊಂದು ಕಡತ. ಲಾರಿ ಓಡುವ ರಸ್ತೆಗೆ ಕಡತವೇ ಇಲ್ಲ. ರೈಲ್ವೆ ಸೈಡಿಂಗಿಗೂ ಇಲ್ಲ. ನಮ್ಮಪ್ಪನ ಹೊಲ ರಸ್ತೆ ಬದಿಗಿದೆ. ತೊಗರಿ ಹೂ ಬಿಡುವುದು ಮಳೆ ಮುಗಿದ ಮೇಲೆ, ರಸ್ತೆ ಕೆಲಸ ಜೋರಾಗುವುದೂ ಅದೇ ಒಣ ತಿಂಗಳುಗಳಲ್ಲಿ. ಎಲೆ, ಹೂವಿನ ಮೇಲೆ ಬಿಳಿ ಹುಡಿ ಕೂತಿರುತ್ತದೆ. ಆ ಹುಡಿ ಯಾವ ಕಡತದ್ದು? ಗಣಿಯವರು ರಸ್ತೆಯದ್ದು ಅಂತಾರೆ, ರಸ್ತೆಯವರು ಲಾರಿಯದ್ದು ಅಂತಾರೆ, ಲಾರಿಯವನು ಹಾರ್ನ್ ಹೊಡೆದು ಹೋಗ್ತಾನೆ. 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಜಿಐ ಮಾನ್ಯತೆ ಸಿಕ್ಕಿತು. ಬೆಂಗಳೂರಿನ ಸೂಪರ್ ಮಾರ್ಕೆಟಿನಲ್ಲಿ ಆ ಹೆಸರಿಗೆ ಬೆಲೆ ಇದೆ, ಅದು ಬೆಳೆಯುವ ಹೊಲಕ್ಕೆ ರಸ್ತೆಯ ಪರಿಶೀಲನೆಯಲ್ಲಿ ಒಂದು ಸಾಲಿಲ್ಲ.

ಇನ್ನು ಮಣ್ಣು. ರಸ್ತೆ ಎತ್ತರ ಮಾಡಲು ಮಣ್ಣು, ಮುರುಮು ಬೇಕೇ ಬೇಕು. ಅದು ಆಕಾಶದಿಂದ ಬೀಳುವುದಿಲ್ಲ. ಯಾರದೋ ಹೊಲದಿಂದ, ಗೋಮಾಳದಿಂದ, ಕೆರೆಯಂಗಳದಿಂದ ಬರುತ್ತದೆ. 2020ರ ಮಾರ್ಚ್ 28ರ ಅಧಿಸೂಚನೆ ಈ ತೋಡುವಿಕೆಗೆ ಪೂರ್ತಿ ವಿನಾಯಿತಿ ಕೊಟ್ಟಿತು. ಎಷ್ಟು ತೋಡಬಹುದು, ಎಷ್ಟು ಆಳ, ಆಮೇಲೆ ಗುಂಡಿ ಮುಚ್ಚುವವರು ಯಾರು, ಒಂದೂ ಇಲ್ಲ. 'ಉದ್ದನೆಯ ಯೋಜನೆ' ಅಂದರೆ ಏನು ಎಂಬ ವ್ಯಾಖ್ಯಾನವೂ ಇಲ್ಲ. ನಾಲ್ಕು ವರ್ಷ ಹೀಗೇ ನಡೆಯಿತು. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಇದನ್ನು ರದ್ದು ಮಾಡಿತು. ಜನರ ಆಕ್ಷೇಪಣೆ ಕೇಳದೆ ಇಂಥ ವಿನಾಯಿತಿ ಕೊಟ್ಟಿದ್ದೇ ತಪ್ಪು, ಮಿತಿಯೇ ಇಲ್ಲದ ವಿನಾಯಿತಿ ಮನಸೋಇಚ್ಛೆಯದ್ದು ಎಂದಿತು. ಸಂತೋಷ. ಆದರೆ ಆ ನಾಲ್ಕು ವರ್ಷದಲ್ಲಿ ತೋಡಿದ ಗುಂಡಿಗಳನ್ನು ತೀರ್ಪು ಬಂದು ಮುಚ್ಚುವುದಿಲ್ಲವಲ್ಲ.

ರೈಲಿನ ಕಥೆ ಇನ್ನೂ ವಿಚಿತ್ರ. ವಾಡಿ ಜಂಕ್ಷನ್ ಯಾರಿಗೆ ಗೊತ್ತಿಲ್ಲ? ಮುಂಬಯಿ-ಚೆನ್ನೈ ಮಾರ್ಗ ಅಲ್ಲಿಂದ ಹೋಗುತ್ತದೆ. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ರೈಲು ಓಡಿತು. ಆವಾಗ ಯಾವ ಪರಿಸರ ಕಾನೂನೂ ಇರಲಿಲ್ಲ, ಬಿಡಿ. 2006ರ ಪಟ್ಟಿಯಲ್ಲಿ ವಿಮಾನ ನಿಲ್ದಾಣ ಇದೆ, ಬಂದರು ಇದೆ, ಹೆದ್ದಾರಿ ಇದೆ, ಬೆಟ್ಟ ಹತ್ತುವ ರೋಪ್‌ವೇ ಕೂಡ ಇದೆ. ರೈಲು ಮಾರ್ಗ ಮಾತ್ರ ಇಲ್ಲ. ಗದಗದಿಂದ ವಾಡಿಗೆ ಬರುತ್ತಿರುವ 250 ಕಿಲೋಮೀಟರಿಗೂ ಉದ್ದದ ಹೊಸ ಮಾರ್ಗಕ್ಕೆ ಈ ಕಾನೂನಿನ ಪ್ರಕಾರ ಪರಿಣಾಮ ಮೌಲ್ಯಮಾಪನ ಬೇಕಿಲ್ಲ. ಯುರೋಪಿನವರು 1985ರಲ್ಲೇ ದೂರದ ರೈಲು ಮಾರ್ಗವನ್ನು ಕಡ್ಡಾಯ ಪಟ್ಟಿಯಲ್ಲಿ ಸೇರಿಸಿದ್ದರು. ರೈಲು ಲಾರಿಗಿಂತ ಒಳ್ಳೆಯದು, ಅನುಮಾನವಿಲ್ಲ. ನಮ್ಮ ಸಿಮೆಂಟೆಲ್ಲ ರೈಲಿನಲ್ಲೇ ಹೋದರೆ ನಾನು ವಾಡಿ ಸ್ಟೇಷನ್ನಿನಲ್ಲಿ ಪೇಢೆ ಹಂಚುತ್ತೇನೆ. ಆದರೆ ಹಳಿಗೆಂದು ಹಾಕುವ ಏರಿ ನೀರಿಗೆ ಅಡ್ಡ ಗೋಡೆ. ಅದರ ಕೆಳಗೆ ಎಲ್ಲೆಲ್ಲಿ ಮೋರಿ ಬೇಕು ಎಂದು ಊರವರನ್ನು ಕೇಳುವ ವ್ಯವಸ್ಥೆ ಬೇಡವೇ?

ನೀರಿನ ಮಾತು ಬಂತು. ಕರಡಿನಲ್ಲಿ ಅಧ್ಯಯನಕ್ಕೆ ಮೂಲ ಮಾಹಿತಿ ಸಂಗ್ರಹಿಸುವುದು ಒಂದು ಋತುವಿನಲ್ಲಿ ಸಾಕು, ಅದೂ ಮಳೆಗಾಲ ಬಿಟ್ಟು. ನದಿ ಕಣಿವೆ ಯೋಜನೆಗಳಿಗೆ ಮಾತ್ರ ಬೇರೆ ನಿಯಮ. ಈ ಸಾಲು ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಳೆ ಜೋರಾದರೆ ಮಳಖೇಡದ ಹತ್ತಿರ ಕಾಗಿಣಾ ಸೇತುವೆ ಮೇಲೆ ನೀರು ಬಂದು ಕಲಬುರಗಿ-ಸೇಡಂ ರಸ್ತೆ ಬಂದ್ ಆಗುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ, ಕಾಗಿಣಾ ಎರಡೂ ಉಕ್ಕಿದವು. ಅಂಥ ನಾಡಿನ ರಸ್ತೆಗೆ ಚಳಿಗಾಲದಲ್ಲಿ ಬಂದು ಧೂಳು ಅಳೆದು, ಹಳ್ಳ ಒಣಗಿದೆ ಎಂದು ಬರೆದುಕೊಂಡು ಹೋದರೆ ಏನು ತಿಳಿಯುತ್ತದೆ? ರಾತ್ರಿ ಎರಡು ಗಂಟೆಗೆ ಟ್ರಾಫಿಕ್ ಇಲ್ಲದಾಗ ಲೋಡ್ ಟೆಸ್ಟ್ ಮಾಡಿ ಸರ್ವರ್ ಗಟ್ಟಿ ಇದೆ ಅಂದಂತಾಯ್ತು.

ಇಷ್ಟೆಲ್ಲ ಆಕ್ಷೇಪ ಹೇಳಲು ಜನರಿಗೆ ಅದು ಅರ್ಥವಾಗಬೇಕಲ್ಲ? 83 ಪುಟದ ಕರಡು ಬಂದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಎಲ್ಲ 22 ಭಾಷೆಗಳಿಗೆ ಅನುವಾದಿಸಿ, ಆಕ್ಷೇಪಣೆಗೆ ಆಗಸ್ಟ್ 11ರ ತನಕ ಸಮಯ ಕೊಡಿ ಎಂದು ಜೂನ್ 30ರಂದು ದಿಲ್ಲಿ ಹೈಕೋರ್ಟ್ ಹೇಳಿತು. ಸಚಿವಾಲಯ ಅನುವಾದ ಮಾಡಿಸುವ ಬದಲು ಸುಪ್ರೀಂ ಕೋರ್ಟಿಗೆ ಹೋಯಿತು. ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು. ಆ ಪೀಠದಲ್ಲಿದ್ದವರು ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ. ಮೇಲೆ ಹೇಳಿದ ಮಣ್ಣಿನ ತೀರ್ಪು ಕೊಟ್ಟ ಪೀಠದಲ್ಲೂ ಅವರೇ ಇದ್ದರು. ಕರಡು ಇವತ್ತಿಗೂ ಇಡಿಯಾಗಿ ಅಂತಿಮವಾಗಿಲ್ಲ. ಆದರೆ ಬಿಡಿಬಿಡಿ ತಿದ್ದುಪಡಿಗಳು ಬರುತ್ತಲೇ ಇವೆ. 2022ರ ಜುಲೈನಲ್ಲಿ ಗಡಿಯಿಂದ 100 ಕಿಲೋಮೀಟರ್ ಒಳಗಿನ ಆಯಕಟ್ಟಿನ ಹೆದ್ದಾರಿಗಳಿಗೆ ವಿನಾಯಿತಿ ಸಿಕ್ಕಿತು. ಕಾನೂನನ್ನೇ ತುಂಡು ತುಂಡಾಗಿ ತರುತ್ತಿದ್ದಾರೆ, ರಸ್ತೆ ಮಾಡಿದ ಹಾಗೆ.

ನಮ್ಮ ಜಿಲ್ಲೆಯಲ್ಲಿ ಕನ್ನಡದ ಜೊತೆ ದಖನಿ ಉರ್ದು, ಲಂಬಾಣಿ, ತೆಲಂಗಾಣ ಗಡಿಯ ಕಡೆ ತೆಲುಗು ಮಾತಾಡುವ ಮಂದಿ ಇದ್ದಾರೆ. ಕಾರ್ಖಾನೆ, ಗಣಿಗಳ ಆಲಿಕೆ ಸಭೆಗೂ ಮುನ್ನ ಕನ್ನಡದಲ್ಲಿ ಸಿಗುವುದು ಸಾರಾಂಶ. ನೂರಾರು ಪುಟದ ಪೂರ್ತಿ ವರದಿ ಇಂಗ್ಲಿಷಿನಲ್ಲೇ. ಅಂಥದೊಂದು ಸಭೆಯಲ್ಲಿ ನಮ್ಮ ಕಾಕಾ ಎದ್ದು ನಿಂತು, "ಸಾಹೇಬ್ರ, ದಿನಕ್ಕ ಎಷ್ಟು ಲಾರಿ ನಮ್ಮ ಊರಾಗಿಂದ ಹೋಗ್ತಾವ, ಅದೊಂದು ಹೇಳ್ರಿ ಸಾಕು" ಅಂತ ಕೇಳಿದ್ದರು. "ಅದು ಅನೆಕ್ಸರ್‌ದಾಗ ಅದ" ಅಂತ ಉತ್ತರ ಬಂತು. ಕಾಕಾ ಕೂತರು. ಪ್ರಶ್ನೆ ಕೇಳಲು ಅವಕಾಶ ಕೊಟ್ಟಿದ್ದರು, ಇಲ್ಲ ಅನ್ನುವ ಹಾಗಿಲ್ಲ. 2020ರ ಕರಡಿನ ಪ್ರಕಾರ ಎಷ್ಟೋ ರಸ್ತೆಗಳಿಗೆ ಅಷ್ಟೂ ಇರುವುದಿಲ್ಲ.

ಇದಕ್ಕೆ ಎದುರು ವಾದವಿದೆ. ನಾನೇ ಊರಲ್ಲಿ ಕೇಳಿದ್ದೇನೆ. "ಬೆಂಗಳೂರಾಗ ಮೆಟ್ರೊದಾಗ ಅಡ್ಡಾಡಿ ಇಲ್ಲಿ ಬಂದು ಪರಿಸರ ಅಂತಿಯಲ್ಲೋ ತಮ್ಮಾ, ಮೊದಲು ನಮಗ ರೋಡ್ ಆಗ್ಲಿ." ಈ ಮಾತಿಗೆ ತೂಕವಿದೆ. 371ಜೆ ಬಂದ ಮೇಲೂ ನಮ್ಮ ಭಾಗ ರಸ್ತೆ, ಆಸ್ಪತ್ರೆ, ಕಾಲೇಜಿಗೆ ಕಾಯುತ್ತಲೇ ಇದೆ. ಪರಿಶೀಲನೆ ಅಂದರೆ ತಡ, ತಡ ಅಂದರೆ ಅನುದಾನ ವಾಪಸ್ ಎಂಬ ಭಯ ಸುಳ್ಳಲ್ಲ.

ಆದರೆ ತಡ ಎಲ್ಲಿಂದ ಬರುತ್ತದೆ ಎಂದು ಆ ಪೆರಿಫೆರಲ್ ರಿಂಗ್ ರಸ್ತೆಯನ್ನೇ ನೋಡಿ. 2009-10ರಲ್ಲಿ ಸಂಗ್ರಹಿಸಿದ ಹಳೇ ಮಾಹಿತಿ ಇಟ್ಟುಕೊಂಡು 2014ರಲ್ಲಿ ಅನುಮತಿ ಪಡೆದರು. ಮೊದಲು ನೂರಾರು ಎಂದಿದ್ದ ಕಡಿಯುವ ಮರಗಳ ಸಂಖ್ಯೆ ಆಮೇಲೆ 16,000 ದಾಟಿತು. 2019ರಲ್ಲಿ ಹಸಿರು ನ್ಯಾಯಮಂಡಳಿ, 2020ರಲ್ಲಿ ಸುಪ್ರೀಂ ಕೋರ್ಟ್. ಆ ರಸ್ತೆ ಇನ್ನೂ ಆಗಿಲ್ಲ, ಹೆಸರು ಬದಲಾಗಿದೆ ಅಷ್ಟೇ. ಇಲ್ಲಿ ತಡ ಆದದ್ದು ಪರಿಶೀಲನೆಯಿಂದಲ್ಲ, ಕಳಪೆ ಪರಿಶೀಲನೆಯಿಂದ. ಟೆಸ್ಟಿಂಗ್ ಬಿಟ್ಟು ರಿಲೀಸ್ ಮಾಡಿದವನು ಶನಿವಾರ ರಾತ್ರಿ ಕೂತು ರೋಲ್‌ಬ್ಯಾಕ್ ಮಾಡುತ್ತಾನೆ. ಇದು ನಮಗೆಲ್ಲ ಗೊತ್ತಿರುವ ಸಂಗತಿ.

ದಿಲ್ಲಿಯತ್ತ ಕೈ ತೋರಿಸಿ ರಾಜ್ಯ ತಪ್ಪಿಸಿಕೊಳ್ಳುವುದೂ ಬೇಡ. ತನ್ನದೇ ರಾಜ್ಯ ಹೆದ್ದಾರಿಗೆ ಕೇಂದ್ರ ಕೇಳುವುದಕ್ಕಿಂತ ಹೆಚ್ಚಿನ ಪರಿಶೀಲನೆ ಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಮಾಡಲು ಬರುವುದಿಲ್ಲ ಅನ್ನುವ ಹಾಗೂ ಇಲ್ಲ. ವಿಶ್ವ ಬ್ಯಾಂಕ್, ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸಾಲದಲ್ಲಿ ನಮ್ಮ ಲೋಕೋಪಯೋಗಿ ಇಲಾಖೆಯೇ ಕೆ-ಶಿಪ್ ಹೆಸರಿನಲ್ಲಿ ರಾಜ್ಯ ಹೆದ್ದಾರಿಗಳನ್ನು ಸುಧಾರಿಸಿದಾಗ ಪರಿಸರ ಮತ್ತು ಸಾಮಾಜಿಕ ಅಧ್ಯಯನ ಮಾಡಿಸಿತ್ತು. ಅದು ಸಾಲದ ಷರತ್ತಾಗಿತ್ತು. ಸಾಲ ಕೊಟ್ಟವನು ಕೇಳಿದರೆ ಮಾಡುತ್ತೇವೆ. ಹೊಲ ಕೊಟ್ಟವನು ಕೇಳಿದರೆ ಅನೆಕ್ಸರ್ ನೋಡು ಅನ್ನುತ್ತೇವೆ.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಹಳ್ಳಿ ರಸ್ತೆಗೂ ಐನೂರು ಪುಟದ ವರದಿ ಯಾರೂ ಕೇಳುತ್ತಿಲ್ಲ. ತಾಂಡಾಕ್ಕೆ ಹೋಗುವ ಮೂರು ಕಿಲೋಮೀಟರ್ ರಸ್ತೆಗೆ ಒಂದು ಹಾಳೆ ಸಾಕು, ಬೇಗ ಆಗಲಿ. ಆದರೆ ಗಣಿ, ಕಾರ್ಖಾನೆಯ ಲಾರಿ ಹೊರುವ ರಸ್ತೆಯನ್ನು ಉದ್ದ, ಅಗಲದಿಂದ ಅಳೆಯಬೇಡಿ, ಅದರ ಮೇಲೆ ಓಡುವ ಭಾರದಿಂದ ಅಳೆಯಿರಿ. ರಸ್ತೆ, ಮಣ್ಣಿನ ಗುಂಡಿ, ರೈಲ್ವೆ ಸೈಡಿಂಗ್, ಗಣಿ ಎಲ್ಲ ಸೇರಿ ಒಂದು ಸೀಮೆಗೆ ಒಂದೇ ಲೆಕ್ಕ ಮಾಡಿ. ಒಂದು ಮಳೆಗಾಲವಾದರೂ ನೋಡಿ. ಪೂರ್ತಿ ವರದಿ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯಲ್ಲಿ ಇರಲಿ, ಓದಿಕೊಳ್ಳಲು 30 ದಿನ ಇರಲಿ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಮಂದಿಗೆ ನನ್ನ ಹಾಗೆ ಒಂದು ಊರು ಇರುತ್ತದೆ, ಹಬ್ಬಕ್ಕೆ ಹೋಗಿ ಬರುವ ಊರು. ಅಲ್ಲಿ ರಸ್ತೆ ಅಗಲವಾಗುತ್ತದೆ ಎಂಬ ಸುದ್ದಿ ಬಂದಾಗ ಖುಷಿಪಡ್ರಿ, ನಾನೂ ಪಡ್ತೀನಿ. ಜೊತೆಗೆ ಪಂಚಾಯಿತಿಗೋ ಲೋಕೋಪಯೋಗಿ ಕಚೇರಿಗೋ ಹೋಗಿ ಮೂರು ಮಾತು ಕೇಳ್ರಿ: ಮಣ್ಣು ಎಲ್ಲಿಂದ ತರ್ತೀರಿ? ಮಳೆ ನೀರು ಎಲ್ಲಿ ಹೋಗ್ತದ? ದಿನಕ್ಕ ಎಷ್ಟು ಲಾರಿ ಬರ್ತಾವ? ಉತ್ತರ ಬರವಣಿಗೆಯಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ, ಶುಲ್ಕ ಹತ್ತು ರೂಪಾಯಿ. ಊರಿನವರು ಕೇಳಿದರೆ ಗದರಿಸಿ ಕಳಿಸಬಹುದು. ನಿಮಗೆ ಇಂಗ್ಲಿಷ್ ಬರುತ್ತದೆ, ಅನೆಕ್ಸರ್ ತೆಗೆದು ಓದಲು ಬರುತ್ತದೆ. ಆ ವಿದ್ಯೆ ಕಲಿಯಲು ಖರ್ಚಾದದ್ದು ಆ ಹೊಲದ ತೊಗರಿ ಮಾರಿದ ದುಡ್ಡೇ ಅಲ್ಲೇನ್ರಿ?